ಟ್ಯಾಬ್‌ಗೆ ಮ್ಯಾಟ್ ಗಾರ್ಡ್ ಹಾಕಿಸೋ ಮುಂಚೆ

ಮ್ಯಾಟ್ ಸ್ಕ್ರೀನ್ ಗಾರ್ಡ್ ಕೇಳ್ಕೊಂಡು ಅಂಗಡಿಗೆ ಬರೋರಿಗೆ ನಾನು ಮೊದ್ಲು ಕೇಳೋದು ಒಂದೇ, ಟ್ಯಾಬಲ್ಲಿ ಬರೀತೀರೋ, ಬರೀ ನೋಡ್ತೀರೋ ಅಂತ. ಪಿಚ್ಚರ್ರು, ಕ್ರಿಕೆಟ್ಟು, ಯೂಟ್ಯೂಬು ಅಷ್ಟೇ ಅಂದ್ರೆ ಮ್ಯಾಟ್ ಬೇಡ ಸರ್, ಮಾಮೂಲಿ ಕ್ಲಿಯರ್ ಹಾಕಿಸ್ಕೊಳ್ಳಿ ಅಂತೀನಿ. ಯಾಕಂದ್ರೆ ಎರಡು ದಿನ ಬಿಟ್ಟು ವಾಪಸ್ ಬಂದು "ಅಣ್ಣಾ, ಡಿಸ್‌ಪ್ಲೇ ಮಂಕಾಗೋಯ್ತು, ತೆಗೆದ್ಬಿಡಿ" ಅನ್ನೋದು ಇವ್ರೇ. ಅದ್ರಲ್ಲೂ ಕಪ್ಪು ಬಣ್ಣ ಕಡುಕಪ್ಪಾಗೇ ಕಾಣೋ ಓಎಲ್‌ಇಡಿ ಪ್ಯಾನೆಲ್ ಬೇಕೂಂತ ದುಡ್ಡು ಸುರಿದು ತಗೊಂಡು, ಅದರ ಮೇಲೆ ಮುನ್ನೂರು ರೂಪಾಯಿ ಮ್ಯಾಟ್ ಶೀಟ್ ಮೆತ್ತಿ ಆ ಕಪ್ಪು ಬಣ್ಣನ ಬೂದಿ ಮಾಡ್ಕೊಳ್ಳೋದನ್ನ ನೋಡೋಕಾಗಲ್ಲ.

ಮ್ಯಾಟ್ ಶೀಟ್ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ತರಿ ಇರುತ್ತೆ, ಟ್ಯೂಬ್‌ಲೈಟ್ ಬೆಳಕು ಬಿದ್ರೆ ಕನ್ನಡಿ ಥರ ನೇರ ವಾಪಸ್ ಕೊಡದೆ ನಾಲ್ಕೂ ಕಡೆ ಚೆದುರಿಸುತ್ತೆ. ಬೆಳಕು ಎಲ್ಲೂ ಮಾಯ ಆಗಲ್ಲ, ಹರಡ್ಕೊಳ್ಳುತ್ತೆ ಅಷ್ಟೇ. ಅದಕ್ಕೇ ಆಫೀಸಲ್ಲಿ, ಲೈಬ್ರರಿಲಿ, ತಲೆ ಮೇಲೆ ಲೈಟು ಇರೋ ಕಡೆ ಮ್ಯಾಟ್ ತುಂಬಾ ಹಿತ, ಅದನ್ನೇ ಬಿಸಿಲಿಗೆ ತಗೊಂಡು ಹೋದ್ರೆ ಇಡೀ ಸ್ಕ್ರೀನ್ ಹಾಲು ಚೆಲ್ಲಿದಂಗೆ ಬೆಳ್ಳಗಾಗುತ್ತೆ. ಸೈಟಲ್ಲಿ ನಿಂತು ಡ್ರಾಯಿಂಗ್ ನೋಡೋ ಇಂಜಿನಿಯರ್‌ಗಳು ಇದನ್ನ ಗಮನದಲ್ಲಿ ಇಟ್ಕೊಂಡ್ರೆ ಒಳ್ಳೇದು.

ಮನೇಲಿ ಬಟರ್ ಪೇಪರ್ ಇದ್ರೆ ನ್ಯೂಸ್‌ಪೇಪರಿನ ಅಕ್ಷರದ ಮೇಲೆ ಒತ್ತಿ ಇಟ್ಟು ಓದಿ, ಓದೋಕಾಗುತ್ತೆ, ಒಂದು ಬೆರಳು ಎತ್ತರಕ್ಕೆ ಎತ್ತಿ, ಅಕ್ಷರ ಹೋಯ್ತು. ತರಿ ಇರೋ ಮೇಲ್ಮೈ ಅಕ್ಷರದಿಂದ ದೂರ ಹೋದಷ್ಟೂ ಮಸುಕು ಜಾಸ್ತಿ. ಈ ಒಂದು ವಿಷ್ಯ ಗೊತ್ತಿದ್ರೆ ಖರೀದಿ ಅರ್ಧ ಮುಗೀತು. 0.33 ಮಿಲಿಮೀಟರ್ ಮ್ಯಾಟ್ ಟೆಂಪರ್ ಗ್ಲಾಸ್‌ಗಿಂತ ತೆಳ್ಳಗಿನ ಪೆಟ್ (ಪ್ಲಾಸ್ಟಿಕ್) ಶೀಟಲ್ಲಿ ಓದೋಕೆ ಚೆನ್ನಾಗಿರೋದು ಇದಕ್ಕೇನೇ. ಹೋಮ್ ಬಟನ್ ಇರೋ 9ನೇ ಜನರೇಶನ್ ಐಪ್ಯಾಡಲ್ಲಿ, 10ನೇದ್ರಲ್ಲೂ ಅಷ್ಟೇ, ಮೇಲಿನ ಗಾಜಿಗೂ ಒಳಗಿನ ಪ್ಯಾನೆಲ್‌ಗೂ ಮಧ್ಯ ಗಾಳಿ ಗ್ಯಾಪ್ ಇದೆ, ಅದರ ಮೇಲೆ ದಪ್ಪ ಮ್ಯಾಟ್ ಗ್ಲಾಸ್ ಕೂರಿಸಿದ್ರೆ ಮಸುಕು ಇನ್ನೂ ಎದ್ದು ಕಾಣುತ್ತೆ. ಈಚಿನ ಏರ್, ಪ್ರೊ ಮಾಡೆಲ್‌ಗಳಲ್ಲಿ ಗಾಜು ಪ್ಯಾನೆಲ್‌ಗೇ ಅಂಟಿರುತ್ತೆ, ಅಲ್ಲಿ ಅಷ್ಟು ತೊಂದ್ರೆ ಇಲ್ಲ.

ಹಂಗಾದ್ರೆ ಟೆಸ್ಟ್ ಮಾಡೋದು ಹೆಂಗೆ? ಅಂಗಡಿಲಿ ಡೆಮೊ ಪೀಸ್ ಇದ್ರೆ ಯಾವುದಾದ್ರೂ ಕನ್ನಡ ಇ-ಪೇಪರ್ ತೆಗೆದು ಜೂಮ್ ಮಾಡದೆ ಒತ್ತಕ್ಷರ ನೋಡಿ. "ಕ್ಷ್ಮ", "ಸ್ತ್ರ" ಅನ್ನೋದು ಬಿಡಿಬಿಡಿಯಾಗಿ ಕಂಡ್ರೆ ಶೀಟ್ ಚೆನ್ನಾಗಿದೆ. ಬಿಳಿ ಜಾಗದಲ್ಲಿ ಕೆಂಪು ಹಸಿರು ಚುಕ್ಕೆ ಮಿಣಮಿಣ ಅಂತಿದ್ರೆ ತರಿ ದಪ್ಪ, ದಿನಾ ಗಂಟೆಗಟ್ಲೆ ಪಿಡಿಎಫ್ ಓದೋರಿಗೆ ಅದು ಆಗ್ಬರಲ್ಲ. ಇಂಗ್ಲಿಷ್ ಪೇಜ್ ನೋಡಿ ಓಕೆ ಅಂದ್ಬಿಟ್ರೆ ಮನೆಗೆ ಹೋದ್ಮೇಲೆ ಗೊತ್ತಾಗೋದು.

ಬರೆಯೋರಿಗೆ ಮಾತ್ರ ನಾನು ಮ್ಯಾಟೇ ಹೇಳೋದು. ಕೋಚಿಂಗ್ ಹುಡುಗ್ರು, ನೋಟ್ಸ್ ಮಾಡೋ ಮೆಡಿಕಲ್ ಹುಡುಗೀರು, ಚಿತ್ರ ಬಿಡಿಸೋರು, ಇವರಿಗೆ ಬರೀ ಗಾಜಿನ ಮೇಲೆ ಪೆನ್ ಜಾರುತ್ತೆ, ಅಕ್ಷರ ಸೊಟ್ಟ ಆಗುತ್ತೆ. ಪೇಪರ್ ಫೀಲ್ ಅಂತ ಮಾರೋ ಶೀಟಲ್ಲಿ ಹಿಡಿತ ಜಾಸ್ತಿ, ಆದ್ರೆ ಪೆನ್ನಿನ ಮೂತಿ ಬೇಗ ಸವೆಯುತ್ತೆ. ಸವೆದು ಒಳಗಿನ ಲೋಹ ಇಣುಕೋವರೆಗೂ ಬರೀಬೇಡಿ, ಟಿಪ್ ಬೇರೆ ಸಿಗುತ್ತೆ, ಬಿಚ್ಚಿ ಹಾಕ್ಕೊಳ್ಳಿ. ಇನ್ನು ಮೊಬೈಲ್ ಅಂಗಡಿಲಿ ಮಷಿನ್ನಲ್ಲಿ ಕಟ್ ಮಾಡಿ ಕೊಡೋ ಮೆತ್ತನೆ ಮ್ಯಾಟ್ ಶೀಟ್ ಇದ್ಯಲ್ಲ, ಬೆರಳಿಗೆ ಸರಿ, ಪೆನ್ನಿಗೆ ಅಲ್ಲ, ಒತ್ತಿ ಬರೆದ್ರೆ ಗೆರೆ ಉಳ್ಕೊಳ್ಳುತ್ತೆ.

ಸೈಜ್ ವಿಷ್ಯ. ಇಂಚು ನೋಡಿ ಆರ್ಡರ್ ಮಾಡ್ಬೇಡಿ. 10.9 ಇಂಚು ಅಂದ್ರೆ ಹಳೇ ಐಪ್ಯಾಡ್ ಏರೂ ಇದೆ, 10ನೇ ಜನರೇಶನ್ನೂ ಇದೆ, ಕ್ಯಾಮೆರಾ ಜಾಗಾನೇ ಬೇರೆ. 10.2 ಮಾತ್ರ 2019, 2020, 2021 ಮೂರಕ್ಕೂ ಒಂದೇ ಆಗುತ್ತೆ. ಹಿಂದುಗಡೆ ಸಣ್ಣಕ್ಕೆ ಬರೆದಿರೋ ಮಾಡೆಲ್ ನಂಬರ್ ನೋಡೋದೇ ಸರಿ. ಸ್ಯಾಮ್‌ಸಂಗ್ ಟ್ಯಾಬ್ ಎಸ್9 ಥರದ್ರಲ್ಲಿ ಬೆರಳಚ್ಚು ಸೆನ್ಸರ್ ಸ್ಕ್ರೀನ್ ಒಳಗೇ ಇರುತ್ತೆ, ಕೆಲವು ಮ್ಯಾಟ್ ಶೀಟಲ್ಲಿ ಬೆರಳು ಹಿಡಿಯಲ್ಲ, ಕೇಳಿ ತಗೊಳ್ಳಿ, ಹಾಕಿದ್ಮೇಲೆ ಬೆರಳನ್ನ ಹೊಸದಾಗಿ ರಿಜಿಸ್ಟರ್ ಮಾಡಿ.

ಈಗ ಹಾಕೋದು. ಎಲ್ರೂ ಗುಳ್ಳೆಗೆ ಹೆದರ್ತಾರೆ, ಹೆದರ್ಬೇಕಾಗಿರೋದು ಧೂಳಿಗೆ. ಮಾರ್ಚ್ ಏಪ್ರಿಲಲ್ಲಿ ರೋಡ್ ಪಕ್ಕದ ಮನೇಲಂತೂ ಕೇಳೋದೇ ಬೇಡ, ಮಳೆಗಾಲದಲ್ಲಿ ಈ ಕೆಲಸ ಸ್ವಲ್ಪ ಹಗುರ. ಫ್ಯಾನ್ ಆಫ್ ಮಾಡಿ, ಬಾತ್‌ರೂಮಲ್ಲಿ ಬಿಸಿನೀರು ಬಿಟ್ಟು ಹಬೆ ಎದ್ದು ಅಡಗಿದ್ಮೇಲೆ ಅಲ್ಲೇ ಕೂತು ಮಾಡಿದ್ರೆ ಇನ್ನೂ ವಾಸಿ, ಗಾಳಿಲಿರೋ ಧೂಳು ಕೆಳಗೆ ಕೂತಿರುತ್ತೆ. ಸ್ಕ್ರೀನ್ ಆಫ್ ಇರ್ಲಿ. ಕಿಟಕಿ ಗಾಜಿಗೆ ಹೊಡೆಯೋ ಸ್ಪ್ರೇ ಬೇಡ, ಪ್ಯಾಕೆಟ್ಟಲ್ಲಿ ಬಂದಿರೋ ಒದ್ದೆ ವೈಪಲ್ಲಿ ಒರೆಸಿ, ಆರೋ ಮುಂಚೆ ಒಣ ಬಟ್ಟೇಲಿ ಒರೆಸಿ, ಆಮೇಲೆ ಮೊಬೈಲ್ ಟಾರ್ಚ್‌ನ ಪಕ್ಕದಿಂದ ಓರೆಯಾಗಿ ಬಿಡಿ, ಇಲ್ಲ ಅಂದ್ಕೊಂಡಿದ್ದ ಧೂಳೆಲ್ಲ ಬೆಳ್ಳಗೆ ಕಾಣುತ್ತೆ, ಒಂದೊಂದನ್ನೂ ಸ್ಟಿಕ್ಕರಿಂದ ತಟ್ಟಿ ಎತ್ತಿ. ಬಾಯಲ್ಲಿ ಊದ್ಬೇಡಿ, ಎಂಜಲು ಸಿಡಿಯುತ್ತೆ.

ಶೀಟ್ ಸಿಪ್ಪೆ ಕೀಳೋ ಮುಂಚೆನೇ ಸ್ಕ್ರೀನ್ ಮೇಲೆ ಇಟ್ಟು ಕ್ಯಾಮೆರಾ ತೂತು ನೋಡ್ಕೊಂಡು, ಎರಡೂ ಪಕ್ಕ ಸಮ ಜಾಗ ಬಿಟ್ಟು, ಒಂದು ಉದ್ದದ ಅಂಚಿಗೆ ಮೂರು ಕಡೆ ಸೆಲ್ಲೋಟೇಪ್ ಹಾಕಿ. ಇನ್ನು ಅದು ಆ ಕಡೆ ಈ ಕಡೆ ಹೋಗಲ್ಲ. ಟೇಪ್ ಕಡೆಗೆ ಮಗುಚಿ, ಒಂದನೇ ನಂಬರ್ ಸಿಪ್ಪೆನ, ಅಂದ್ರೆ ಅಂಟಿನ ಕಡೆ ಇರೋ ಕವರ್‌ನ, ಟೇಪ್ ಇರೋ ಅಂಚಿಂದ ಎರಡು ಬೆರಳಗಲ ಮಾತ್ರ ಬಿಡಿಸಿ, ಅಷ್ಟು ಅಂಟಿಸಿ, ಆಮೇಲೆ ಒಂದು ಕೈಲಿ ಸಿಪ್ಪೆ ಎಳೀತಾ ಇನ್ನೊಂದು ಕೈಲಿ ಬಟ್ಟೆ ಸುತ್ತಿದ ಕಾರ್ಡಿಂದ ತಳ್ತಾ ಹೋಗಿ, ಆ ಕಡೆ ಅಂಚನ್ನ ಯಾರಾದ್ರೂ ಎತ್ತಿ ಹಿಡ್ಕೊಂಡ್ರೆ ಒಳ್ಳೇದು. ಆತುರ ಬೇಡ. ಟೆಂಪರ್ ಗ್ಲಾಸ್ ಆದ್ರೆ ಇಷ್ಟು ರಗಳೆ ಇಲ್ಲ, ಬಿಟ್ರೆ ತಾನೇ ಹಿಡ್ಕೊಳ್ಳುತ್ತೆ.

ಗುಳ್ಳೆ ಬಂದ್ರೆ ಕಾರ್ಡಲ್ಲಿ ತಳ್ಳಿ ನೋಡಿ. ಸರಿದ್ರೆ ಗಾಳಿ, ಸಣ್ಣದು ಒಂದೆರಡು ದಿನದಲ್ಲಿ ತಾನೇ ಹೋಗುತ್ತೆ. ಸರೀಲಿಲ್ಲ, ಮಧ್ಯ ಚುಕ್ಕೆ ಇದೆ ಅಂದ್ರೆ ಧೂಳು, ಎಷ್ಟು ಉಜ್ಜಿದ್ರೂ ಹೋಗಲ್ಲ. ಆ ಮೂಲೆಗೆ ಟೇಪ್ ಅಂಟಿಸಿ ಶೀಟನ್ನ ಮೆಲ್ಲಗೆ ಎತ್ತಿ, ಇನ್ನೊಂದು ಟೇಪಿಂದ ಧೂಳನ್ನ ಮುಟ್ಟಿ ತೆಗೀರಿ, ಅಂಟಿನ ಕಡೆ ಬೆರಳು ತಾಗಿಸ್ಬೇಡಿ, ಬೆರಳಚ್ಚು ಅಲ್ಲೇ ಕೂತ್ಬಿಡುತ್ತೆ. ಎರಡನೇ ನಂಬರ್ ಸಿಪ್ಪೆ, ಅಂದ್ರೆ ಮೇಲ್ಗಡೆ ಕವರ್, ಎಲ್ಲಾ ಆದ್ಮೇಲೆ ಕೀಳಿ.

ಬಿಗಿ ಕೇಸ್ ಹಾಕೋರು ಒಂದು ದಿನ ಬಿಟ್ಟು ಹಾಕಿ. ಕೇಸಿನ ಅಂಚು ಶೀಟನ್ನ ಒತ್ತುತಿದ್ರೆ ಮೂಲೆ ಏಳುತ್ತೆ, ಆಗ ಗಾರ್ಡ್ ಸರಿ ಇಲ್ಲ ಅಂತ ಅಂಗಡಿಯೋರ ಹತ್ರ ಜಗಳಕ್ಕೆ ಬರೋದ್ರ ಬದ್ಲು ಒಂದ್ಸಲ ಕೇಸ್ ಬಿಚ್ಚಿ ನೋಡಿ. ಮತ್ತೆ ದಿನಾ ಬರೆಯೋರಿಗೆ ಶೀಟಲ್ಲಿ ಜಾಸ್ತಿ ಬರೆಯೋ ಜಾಗ ನುಣ್ಣಗಾಗಿ ಮಿರಿಮಿರಿ ಹೊಳೆಯೋಕೆ ಶುರುವಾಗುತ್ತೆ, ಅಲ್ಲಿಗೆ ತರಿ ಸವೀತು ಅಂತ, ಬದಲಾಯಿಸಿ.