ಹೊಸ ಮಾನ್‌ಸ್ಟರ್ ಪುಸ್ತಕವನ್ನು ಆಟಕ್ಕಿಳಿಸುವ ಮುನ್ನ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಮೇಜಿನ ಸುತ್ತ ಕೂತು, ಪಾತ್ರ ವಹಿಸಿ ಆಡುವ ಆಟ) ಆಡಿಸುವಾಗ ಪೂರಕ ಪುಸ್ತಕದಲ್ಲಿ ಮಾನ್‌ಸ್ಟರ್ ಸಿಕ್ಕಿತು, ಸಿಆರ್ (ಚಾಲೆಂಜ್ ರೇಟಿಂಗ್, ಎಷ್ಟು ಕಠಿಣ ಎಂಬ ಅಂಕ) 3 ಅಂತಿದೆ, ಪಾರ್ಟಿಯೂ (ಆಟಗಾರರ ಪಾತ್ರಗಳ ತಂಡ) 3ನೇ ಲೆವೆಲ್, ಸರಿಹೋಯಿತು ಅಂದುಕೊಂಡಲ್ಲೇ ಡಿಎಂ (ಡಂಜನ್ ಮಾಸ್ಟರ್, ಆಟ ನಡೆಸುವವರು) ಎಡವುವುದು. ಈ ಆಟದ ಐದನೇ ಆವೃತ್ತಿಯ 2014ರ ನಿಯಮದಲ್ಲಿ (ಇಲ್ಲಿನ ಲೆಕ್ಕವೆಲ್ಲ ಅದರದ್ದೇ) ಸಿಆರ್ ಎಂದರೆ ತಾಳಿಕೊಳ್ಳುವ ಶಕ್ತಿ ಮತ್ತು ಹೊಡೆಯುವ ಶಕ್ತಿಯ ಸರಾಸರಿ, ಅಷ್ಟೇ.

ಒಂದು ಜೌಗಿನ ಪ್ರಾಣಿ ಇಟ್ಟುಕೊಳ್ಳಿ: ಎಸಿ (ಏಟು ತಗುಲಲು ದಾಳಿ ಮುಟ್ಟಬೇಕಾದ ಅಂಕ) 13, ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಾಳುತ್ತದೆ ಎಂಬ ಅಂಕ) 66, ದಾಳಿಯ ದಾಳಕ್ಕೆ ಕೂಡುವುದು +6, ಸುತ್ತಿಗೆ ಮೂರು ಪಂಜದೇಟು, ಒಂದೊಂದಕ್ಕೂ 11 ಡ್ಯಾಮೇಜ್ (ಪೆಟ್ಟು). ನಿಯಮಪುಸ್ತಕದ ಸಿಆರ್ ಕೋಷ್ಟಕದಲ್ಲಿ 66 ಹಿಟ್ ಪಾಯಿಂಟ್ ಇರುವುದು ಸಿಆರ್ ½ರ ಸಾಲಿನಲ್ಲಿ. 33 ಡ್ಯಾಮೇಜ್ ಸಿಆರ್ 5ರಲ್ಲಿ. ಸರಾಸರಿ 2.75, ಅದೇ 3 ಆಯಿತು. ಈಗ 20 ಹಿಟ್ ಪಾಯಿಂಟ್‌ನ ವಿಝರ್ಡ್ (ಮಾಂತ್ರಿಕ) ಎದುರಿಗಿದ್ದಾನೆ. ಎರಡೇಟಿಗೆ ಬಿದ್ದ. ಪ್ರಜ್ಞೆ ತಪ್ಪಿದವನಿಗೆ 5 ಅಡಿಯೊಳಗಿಂದ ತಗುಲಿದ ಏಟು ಕ್ರಿಟಿಕಲ್ (ಹೆಚ್ಚು ಪೆಟ್ಟಿನದು). ಹಾಗಾಗಿ ಮೂರನೆಯದೂ ತಗುಲಿದರೆ ಸಾವು-ಬದುಕು ತೀರ್ಮಾನಿಸುವ ಡೆತ್ ಸೇವ್ ಎರಡು ಒಟ್ಟಿಗೇ ಹೋದವು. ಮೊದಲ ಸುತ್ತೇ ಇನ್ನೂ ಮುಗಿದಿಲ್ಲ!

ಸರಿಪಡಿಸುವುದು ಕಷ್ಟವಲ್ಲ. ಪಂಜದೇಟು ಎರಡು ಮಾಡಿ (22), ದಾಳಿಯನ್ನು +4ಕ್ಕೆ ಇಳಿಸಿ, ಹಿಟ್ ಪಾಯಿಂಟ್ 101ಕ್ಕೆ ಏರಿಸಿ. ಎರಡು ಕಡೆಯೂ ಸಿಆರ್ 3ಕ್ಕೇ ಕೂರುತ್ತದೆ. ಕಾಳಗ ಸ್ವಲ್ಪ ಎಳೆಯುತ್ತದೆ, ಆದರೆ ಆಟಗಾರರಿಗೆ ಯೋಚಿಸಲು ಪುರುಸೊತ್ತು ಸಿಗುತ್ತದೆ.

ಜಾಗವೂ ಲೆಕ್ಕಕ್ಕೆ ಬರುತ್ತದೆ. ಸ್ವರ್ಣಾ ನದಿಯ ಕುದ್ರುವಿನಂಥ (ನದಿ ನಡುವಿನ ದ್ವೀಪ) ಕಡೆ ಇದನ್ನು ಇಟ್ಟರೆ ಓಡಿಹೋಗಲು ದಾರಿಯಿಲ್ಲ. ಈಜುವ ವೇಗವಿಲ್ಲದವರಿಗೆ ನೀರಿನಲ್ಲಿ 30 ಅಡಿಯ ನಡಿಗೆ 15 ಆಗುತ್ತದೆ. ಈಜುವ ಮಾನ್‌ಸ್ಟರ್‌ಗೆ ಆ ತೊಂದರೆಯಿಲ್ಲ. ಒಂದು ದೋಣಿಯಾದರೂ ದಡದಲ್ಲಿರಲಿ.

ಇನ್ನು ಕೆಲವಕ್ಕೆ ಸಾದಾ ಆಯುಧ ನಾಟುವುದೇ ಇಲ್ಲ, ಬೆಳ್ಳಿ ಲೇಪಿಸಿದ್ದು ಬೇಕು. ಒಂದು ಆಯುಧಕ್ಕೋ ಹತ್ತು ಬಾಣಕ್ಕೋ ಲೇಪಿಸಲು 100 ಚಿನ್ನದ ನಾಣ್ಯ. ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಮರೆಯಲ್ಲಿ ಅಷ್ಟಿಷ್ಟು ಕಂಡೇ ಅಲ್ಲವೇ ರಂಗಕ್ಕೆ ಬರುವುದು? ಹಾಗೆ ಇಲ್ಲೂ ಮೊದಲೇ ಸುಳಿವು ಕೊಡಿ: ಕಡವಿನ ಗುಡಿಸಲಲ್ಲಿ ತೂಗುಹಾಕಿದ, ತುದಿಗೆ ಬೆಳ್ಳಿ ಹಚ್ಚಿದ ಹಳೆಯ ಈಟಿ ಸಾಕು. ಸ್ಥಳೀಯ ಬಣ್ಣ ಕೊಡುವ ಉತ್ಸಾಹದಲ್ಲಿ ದೈವಗಳಿಗೆ ಮಾತ್ರ ಸ್ಟ್ಯಾಟ್ ಬ್ಲಾಕ್ (ಮಾನ್‌ಸ್ಟರ್‌ನ ಅಂಕಿಗಳ ಪಟ್ಟಿ) ಬರೆಯಬೇಡಿ. ಮೇಜಿನ ಸುತ್ತ ಕೂತವರಲ್ಲೇ ಕೋಲಕ್ಕೆ ಹೋಗಿ ಕೈಮುಗಿದು ಬಂದವರಿರುತ್ತಾರೆ.

ಕೊನೆಗೆ ಸಂಖ್ಯೆ. 3ನೇ ಲೆವೆಲ್‌ನ ನಾಲ್ವರಿಗೆ ಕಾಳಗದ ಕಷ್ಟದ ಮಟ್ಟ ಶುರುವಾಗುವುದು ಮೀಡಿಯಂ 600, ಹಾರ್ಡ್ 900, ಡೆಡ್ಲಿ 1600 ಎಕ್ಸ್‌ಪಿ (ಅನುಭವದ ಅಂಕ). ಸಿಆರ್ 3 ಒಂದೇ ಇದ್ದರೆ 700, ಮೀಡಿಯಂ. ಜೊತೆಗೆ ಸಿಆರ್ ¼ರ ಎರಡು ಮರಿ (ತಲಾ 50) ಸೇರಿಸಿದಿರೋ, ಮೊತ್ತ 800. ಮೂರು ಮಾನ್‌ಸ್ಟರ್ ಎಂದು ಎರಡರಿಂದ ಗುಣಿಸಿದರೆ ಸರಿಯಾಗಿ 1600, ಅಂದರೆ ಡೆಡ್ಲಿ. ಮರಿಗಳು ಕಾಳಗದಲ್ಲಿ ಲೆಕ್ಕಕ್ಕೇ ಇಲ್ಲದಷ್ಟು ದುರ್ಬಲ ಎನಿಸಿದರೆ ಗುಣಿಸುವಾಗ ಅವನ್ನು ಬಿಡಬಹುದು. ಗುಣಿಸಿದ್ದು ಕಷ್ಟ ಅಳೆಯಲಿಕ್ಕೆ ಮಾತ್ರ; ಗೆದ್ದವರಿಗೆ ಹಂಚುವುದು 800, ಅಂದರೆ ತಲಾ 200. 2024ರ ಪರಿಷ್ಕೃತ ನಿಯಮದಲ್ಲಿ ಈ ಗುಣಿಸುವ ಕ್ರಮವೇ ಇಲ್ಲ, ಎರಡನ್ನೂ ಬೆರೆಸಬೇಡಿ.