ಟೋಕನ್ ಕೊಡುವ ಮೊದಲೇ ರದ್ದು ಮಾಡುವ ದಾರಿ ಇಟ್ಟುಕೊಳ್ಳಿ

ಅಮರಗೋಳ ಎಪಿಎಂಸಿಯ ಒಂದು ದಲಾಲಿ ಅಂಗಡಿಗೆ ವೆಬ್ ಅಪ್ಲಿಕೇಶನ್ ಮಾಡಿಕೊಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಲಾಟ್ ನಂಬರ್, ತೂಕ, ಹಮಾಲಿ, ರೈತರ ಪಟ್ಟಿ ಎಲ್ಲ ಅದರಲ್ಲೇ. ಗುಮಾಸ್ತ ತನ್ನ ಮೊಬೈಲಿನಿಂದ ಲಾಗಿನ್ ಆಗಿ ತೂಕ ಏರಿಸುತ್ತಾನೆ. ಒಂದು ದಿನ ಕೆಲಸ ಬಿಟ್ಟು ಪಕ್ಕದ ಅಂಗಡಿ ಸೇರುತ್ತಾನೆ. ಮಾಲೀಕರು ಅವತ್ತೇ ಅವನ ಅಕೌಂಟ್ ಬಂದ್ ಮಾಡುತ್ತಾರೆ. ಆದರೂ ಅವನ ಮೊಬೈಲಿನಲ್ಲಿ ಅಂಗಡಿಯ ದರಗಳು ಕಾಣುತ್ತಲೇ ಇರುತ್ತವೆ. ಏಕೆಂದರೆ ಲಾಗಿನ್ ಆದಾಗ ಸರ್ವರ್ ಅವನ ಮೊಬೈಲಿಗೆ ಕೊಟ್ಟ ಟೋಕನ್‌ಗೆ, ಅಂದರೆ ಪ್ರವೇಶದ ಡಿಜಿಟಲ್ ಚೀಟಿಗೆ, 30 ದಿನದ ಅವಧಿ ಕೊಡಲಾಗಿದೆ. ಸರ್ವರ್ ಸಹಿ ನೋಡುತ್ತದೆ, ಅವಧಿ ನೋಡುತ್ತದೆ, ಎರಡೂ ಸರಿ ಇದ್ದರೆ ಒಳಗೆ ಬಿಡುತ್ತದೆ. ಅಕೌಂಟ್ ಬಂದ್ ಆದ ಸಂಗತಿ ಇರುವುದು ಡೇಟಾಬೇಸ್‌ನಲ್ಲಿ, ಅಲ್ಲಿಗೆ ಸರ್ವರ್ ಹೋಗುವುದೇ ಇಲ್ಲ.

ಜೆಡಬ್ಲ್ಯೂಟಿ (ಜೇಸನ್ ವೆಬ್ ಟೋಕನ್) ಎಂಬ ಬಗೆಯ ಟೋಕನ್ ಕೆಲಸ ಮಾಡುವುದೇ ಹಾಗೆ. 2015ರಲ್ಲಿ ಆರ್‌ಎಫ್‌ಸಿ 7519 (ಇಂಟರ್ನೆಟ್ ಮಾನದಂಡದ ದಾಖಲೆ) ಆಗಿ ಬಂದ ಈ ಮಾದರಿಯಲ್ಲಿ ಟೋಕನ್‌ಗೆ ಮೂರು ಭಾಗ: ಹೆಡರ್ (ಸಹಿಯ ವಿಧಾನ ಯಾವುದು ಎಂಬುದು), ಪೇಲೋಡ್ (ಬಳಕೆದಾರ, ಅವಧಿಯಂಥ ಮಾಹಿತಿ), ಸಹಿ. ನಡುವೆ ಎರಡು ಚುಕ್ಕಿ. ಮೊದಲೆರಡು ಭಾಗಗಳನ್ನು ಬೇಸ್64 ಎಂಬ ಅಕ್ಷರರೂಪದಲ್ಲಿ ಬರೆದಿರುತ್ತದೆ ಅಷ್ಟೇ, ಬೀಗ ಹಾಕಿರುವುದಿಲ್ಲ. ಟೋಕನ್ ಸಿಕ್ಕ ಯಾರೇ ಆಗಲಿ ಬಿಚ್ಚಿ ಓದಬಹುದು. ಆದ್ದರಿಂದ ಆಧಾರ್, ಮೊಬೈಲ್ ನಂಬರ್, ಬ್ಯಾಂಕ್ ಖಾತೆ ಯಾವುದನ್ನೂ ಅದರೊಳಗೆ ಹಾಕಬೇಡಿ. ಇದನ್ನು ನಮ್ಮ ಸರ್ವರ್ ಬರೆದಿದೆ, ನಡುವೆ ಯಾರೂ ತಿದ್ದಿಲ್ಲ ಎಂಬಷ್ಟನ್ನೇ ಸಹಿ ಹೇಳುತ್ತದೆ. ತಂದವರು ಯಾರು ಎಂಬುದು ಅದಕ್ಕೆ ಗೊತ್ತಿಲ್ಲ. ಮಾಲೀಕರು ಸಹಿ ಮಾಡಿದ ಚೀಟಿ ಹಿಡಿದು ಗೋದಾಮಿಗೆ ಹೋದವರಿಗೆ ಚೀಲ ಇಳಿಸಿಕೊಡುವ ಹಾಗೆ, ಟೋಕನ್ ಯಾರ ಕೈಯಲ್ಲಿದೆಯೋ ಅವರಿಗೆ ಬಾಗಿಲು ತೆರೆಯುತ್ತದೆ.

ಹೀಗಿರುವಾಗ ನಿಮಗೆ ಜೆಡಬ್ಲ್ಯೂಟಿ ಬೇಕೇ ಎಂದು ಮೊದಲು ನೋಡಿ. ಒಂದೇ ಸರ್ವರ್, ಒಂದೇ ಡೇಟಾಬೇಸ್, ಬ್ರೌಸರ್‌ನಲ್ಲಷ್ಟೇ ಬಳಕೆ ಎಂದಾದರೆ ಹಳೆಯ ಸೆಷನ್ ಕುಕಿಯೇ ಒಳ್ಳೆಯದು. ಅದರಲ್ಲಿ ಬ್ರೌಸರ್ ಬಳಿ ಒಂದು ಗುರುತಿನ ಸಂಖ್ಯೆ ಮಾತ್ರ, ವಿವರ ಡೇಟಾಬೇಸ್‌ನ ಒಂದು ಸಾಲಿನಲ್ಲಿ. ಸೆಷನ್ ಸಾಲನ್ನು ಡೇಟಾಬೇಸ್‌ನಿಂದ ಅಳಿಸಿದ ಕ್ಷಣವೇ ಆ ಮನುಷ್ಯ ಹೊರಗೆ. ಧಾರವಾಡದ ಕೋಚಿಂಗ್ ಕ್ಲಾಸಿನ ಹಾಜರಿಗೆ, ಗದಗಿನ ಪ್ರಿಂಟಿಂಗ್ ಪ್ರೆಸ್ಸಿನ ಆರ್ಡರ್ ಪುಸ್ತಕಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಪ್ರತಿ ಬಾರಿ ಡೇಟಾಬೇಸ್ ಕೇಳಿದರೆ ನಿಧಾನ ಆಗುತ್ತದೆ ಎಂದು ಹೆದರುವವರಿದ್ದಾರೆ. ಇಂಡೆಕ್ಸ್ ಇರುವ ಒಂದು ಕ್ವೆರಿ ಇಂಥ ಅಪ್ಲಿಕೇಶನ್‌ಗೆ ಭಾರವೇ ಅಲ್ಲ. ಮೊಬೈಲ್ ಆ್ಯಪ್ ಕೂಡ ಇದ್ದರೆ, ಅಥವಾ ಬೇರೆ ಬೇರೆ ಸರ್ವಿಸ್‌ಗಳು ಒಂದೇ ಲಾಗಿನ್ ನಂಬಬೇಕಾದರೆ, ಆಗ ಟೋಕನ್‌ಗೆ ಬನ್ನಿ.

ಬಂದ ಮೇಲೆ ಎರಡು ಟೋಕನ್ ಇರಲಿ. 10ರಿಂದ 15 ನಿಮಿಷ ಬದುಕುವ ಆ್ಯಕ್ಸೆಸ್ ಟೋಕನ್ ಒಂದು. ಅದು ಮುಗಿದಾಗ ಹೊಸದನ್ನು ತರುವ ರಿಫ್ರೆಶ್ ಟೋಕನ್ ಇನ್ನೊಂದು. ಮೊದಲನೆಯದು ಜೆಡಬ್ಲ್ಯೂಟಿ ಆಗಿರಲಿ. ಎರಡನೆಯದು 32 ಬೈಟ್‌ಗಳ ರ್‍ಯಾಂಡಮ್ ಸಂಖ್ಯೆ ಆಗಿದ್ದು, ಅದರ ಅರ್ಥ ನಿಮ್ಮ ಡೇಟಾಬೇಸ್‌ಗೆ ಮಾತ್ರ ಗೊತ್ತಿರಲಿ. ಗುಮಾಸ್ತ ಕೆಲಸ ಬಿಟ್ಟ ದಿನ ಆ ಸಾಲನ್ನು ರದ್ದು ಮಾಡಿದರೆ ಹೆಚ್ಚೆಂದರೆ 15 ನಿಮಿಷದಲ್ಲಿ ಅವನ ಪ್ರವೇಶ ನಿಲ್ಲುತ್ತದೆ. ದರ ತಿದ್ದುವುದು, ರೈತರ ಬ್ಯಾಂಕ್ ಖಾತೆ ಬದಲಿಸುವುದು ಇಂಥ ಕೆಲಸಗಳಿಗೆ ಆ 15 ನಿಮಿಷವೂ ಹೆಚ್ಚಾಯಿತು. ಅಲ್ಲಿ ಮಾತ್ರ ಪ್ರತಿ ಸಲ ಡೇಟಾಬೇಸ್‌ನಲ್ಲಿ ಅಕೌಂಟ್ ಸ್ಥಿತಿ ನೋಡಿಯೇ ಮುಂದುವರಿಯಿರಿ.

ಸಹಿಯ ವಿಷಯ ಬೇಗ ಹೇಳಿಬಿಡಬಹುದು. ಎಚ್‌ಎಸ್256 (ಒಂದೇ ಗುಪ್ತ ಕೀಯಿಂದ ಸಹಿ ಮಾಡುವ, ಪರಿಶೀಲಿಸುವ ವಿಧಾನ) ಬಳಸಿದರೆ ಕೀ ಕನಿಷ್ಠ 256 ಬಿಟ್, ಅಂದರೆ 32 ಬೈಟ್ ಇರಲೇಬೇಕು. ಓಪನ್‌ಎಸ್‌ಎಸ್‌ಎಲ್‌ನ ರ್‍ಯಾಂಡ್ ಕಮಾಂಡ್‌ನಿಂದ ತೆಗೆಯಿರಿ. ಅಂಗಡಿಯ ಹೆಸರಿನ ಮುಂದೆ 123 ಸೇರಿಸಿ ಕೀ ಮಾಡಿದರೆ, ಒಂದೇ ಒಂದು ಟೋಕನ್ ಸಿಕ್ಕವನು ತನ್ನ ಕಂಪ್ಯೂಟರ್‌ನಲ್ಲೇ ಕೂತು ಹ್ಯಾಶ್‌ಕ್ಯಾಟ್‌ನಂಥ ಸಾಫ್ಟ್‌ವೇರ್‌ನಿಂದ ಅದನ್ನು ಊಹಿಸಬಲ್ಲ. ನಿಮ್ಮ ಸರ್ವರ್‌ಗೆ ಸುಳಿವೂ ಸಿಗುವುದಿಲ್ಲ. ಪರಿಶೀಲಿಸುವ ಕೋಡ್‌ನಲ್ಲಿ ಅಲ್ಗಾರಿದಮ್ ಯಾವುದೆಂದು ನೀವೇ ಬರೆದಿಡಿ, ಟೋಕನ್‌ನ ಹೆಡರ್ ಹೇಳಿದ್ದನ್ನು ನಂಬಬೇಡಿ. ಹೆಡರ್‌ನಲ್ಲಿ ಅಲ್ಗಾರಿದಮ್ 'ನನ್' (none, ಅಂದರೆ ಯಾವುದೂ ಇಲ್ಲ) ಎಂದು ಬರೆದು, ಸಹಿಯೇ ಇಲ್ಲದೆ ಕಳಿಸಿದ ಟೋಕನ್‌ಗಳನ್ನು ಒಪ್ಪಿಕೊಂಡ ಲೈಬ್ರರಿಗಳು 2015ರಲ್ಲಿ ಬೆಳಕಿಗೆ ಬಂದವು. ಆಮೇಲೆ 2020ರಲ್ಲಿ ಬಂದ ಆರ್‌ಎಫ್‌ಸಿ 8725 ಈ ಬಗ್ಗೆ ಸ್ಪಷ್ಟವಾಗಿ ಎಚ್ಚರಿಸುತ್ತದೆ. ಇನ್ನು ಕೆಲವು ಲೈಬ್ರರಿಗಳಲ್ಲಿ 'ಡಿಕೋಡ್' ಎಂಬ ಫಂಕ್ಷನ್ ಸಹಿ ನೋಡದೆ ಓದಿಕೊಡುತ್ತದೆ, 'ವೆರಿಫೈ' ಬೇರೆಯೇ ಇರುತ್ತದೆ. ಯಾವುದನ್ನು ಕರೆದಿದ್ದೀರಿ ಎಂದು ಇವತ್ತೇ ತೆರೆದು ನೋಡಿ.

ಸಮಯದ ತಪ್ಪುಗಳು ಇದಕ್ಕಿಂತ ಹೆಚ್ಚು ಕಾಡುತ್ತವೆ, ಯಾಕೆಂದರೆ ಎರರ್ ಬರುವುದೇ ಇಲ್ಲ. ಟೋಕನ್ ಮುಗಿಯುವ ಸಮಯವನ್ನು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ ಬರೆಯಬೇಕು, ಅದು 10 ಅಂಕಿಯ ಸಂಖ್ಯೆ. ಜಾವಾಸ್ಕ್ರಿಪ್ಟ್ ಕೊಡುವುದು ಮಿಲಿಸೆಕೆಂಡು, 13 ಅಂಕಿ. 1000ದಿಂದ ಭಾಗಿಸುವುದನ್ನು ಮರೆತರೆ ಟೋಕನ್ 50,000ಕ್ಕೂ ಹೆಚ್ಚು ವರ್ಷ ಬದುಕುತ್ತದೆ, ಮತ್ತು ಎಲ್ಲವೂ ಚೆನ್ನಾಗಿ ನಡೆಯುತ್ತಿದೆ ಎಂದೇ ಕಾಣುತ್ತದೆ. ಪೈಥಾನ್‌ನ ಪೈಜೆಡಬ್ಲ್ಯೂಟಿ ಲೈಬ್ರರಿಗೆ ಟೈಮ್‌ಝೋನ್ ಇಲ್ಲದ ಭಾರತೀಯ ಸಮಯ ಕೊಟ್ಟರೆ ಅದನ್ನು ಯುಟಿಸಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಎಂದೇ ತಿಳಿಯುತ್ತದೆ. ಆಗ 15 ನಿಮಿಷದ ಟೋಕನ್ 5 ಗಂಟೆ 45 ನಿಮಿಷ ನಡೆಯುತ್ತದೆ. ಅದೇ ಕೋಡ್ ಯುಟಿಸಿಯಲ್ಲಿರುವ ಕ್ಲೌಡ್ ಸರ್ವರ್‌ನಲ್ಲಿ ಸರಿಯಾಗಿರುತ್ತದೆ, ಆಫೀಸಿನ ಸರ್ವರ್‌ನಲ್ಲಿ ಮಾತ್ರ ತಪ್ಪುತ್ತದೆ. ಯಾವಾಗಲೂ ಟೈಮ್‌ಝೋನ್ ಸಮೇತ ಸಮಯ ಕೊಡಿ.

ಗ್ರಾಹಕರ ಕಂಪ್ಯೂಟರ್ ಗಡಿಯಾರವನ್ನೂ ನಂಬಬೇಡಿ. ಅಂಗಡಿಯ ಹಳೆಯ ಪಿಸಿಯಲ್ಲಿ ಮದರ್‌ಬೋರ್ಡಿನ ಸಣ್ಣ ಸೆಲ್ ಸತ್ತು, ಕರೆಂಟ್ ಹೋದಾಗಲೆಲ್ಲ ದಿನಾಂಕ ಹಿಂದಕ್ಕೆ ಓಡುತ್ತದೆ. ಬ್ರೌಸರ್‌ನಲ್ಲಿರುವ ಕೋಡ್ ಆ ಗಡಿಯಾರ ನೋಡಿ ಟೋಕನ್ ಇನ್ನೂ ಜೀವಂತ ಎಂದು ತೀರ್ಮಾನಿಸಿದರೆ, ರಿಫ್ರೆಶ್ ಎಂದೂ ನಡೆಯುವುದಿಲ್ಲ. ಗಡಿಯಾರ ಮುಂದೆ ಓಡಿದ್ದರೆ ಪ್ರತಿ ಕ್ಲಿಕ್‌ಗೂ ರಿಫ್ರೆಶ್. ಎರಡಕ್ಕೂ ಮದ್ದು ಒಂದೇ: ಸರ್ವರ್ 401 (ಗುರುತು ಸರಿಯಿಲ್ಲ, ಪ್ರವೇಶವಿಲ್ಲ) ಎಂದಾಗ ಮಾತ್ರ ರಿಫ್ರೆಶ್ ಮಾಡಿ. ಸರ್ವರ್‌ಗಳ ನಡುವಿನ ಸಣ್ಣ ವ್ಯತ್ಯಾಸಕ್ಕೆ 60 ಸೆಕೆಂಡ್ ವಿನಾಯಿತಿ ಸಾಕು.

ಟೋಕನ್ ಎಲ್ಲಿಡಬೇಕು? ಲೋಕಲ್ ಸ್ಟೋರೇಜ್‌ನಲ್ಲಿ ರಿಫ್ರೆಶ್ ಟೋಕನ್ ಇಡುವುದನ್ನು ನಾವು ಒಪ್ಪುವುದಿಲ್ಲ. ಪುಟದಲ್ಲಿ ಓಡುವ ಯಾವುದೇ ಸ್ಕ್ರಿಪ್ಟ್ ಅದನ್ನು ಓದಬಹುದು. ರೈತರ ಹೆಸರಿನ ಕಾಲಂನಲ್ಲಿ ಯಾರೋ ತುಂಬಿದ ಸ್ಕ್ರಿಪ್ಟ್ ಟ್ಯಾಗ್ ಒಂದೇ ಸಾಕು. ಆ್ಯಕ್ಸೆಸ್ ಟೋಕನ್ ಜಾವಾಸ್ಕ್ರಿಪ್ಟ್ ಮೆಮೊರಿಯಲ್ಲಿರಲಿ. ರಿಫ್ರೆಶ್ ಟೋಕನ್ ಎಚ್‌ಟಿಟಿಪಿ-ಓನ್ಲಿ (ಸ್ಕ್ರಿಪ್ಟ್‌ಗೆ ಓದಲು ಆಗದು), ಸೆಕ್ಯೂರ್ (ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ಹೋಗುತ್ತದೆ), ಸೇಮ್‌ಸೈಟ್ ಸ್ಟ್ರಿಕ್ಟ್ (ಬೇರೆ ಸೈಟಿನಿಂದ ಹೊರಟ ವಿನಂತಿಯ ಜೊತೆ ಹೋಗದು) ಇರುವ ಕುಕಿಯಲ್ಲಿರಲಿ, ಅದರ ಪಾತ್ ರಿಫ್ರೆಶ್ ವಿಳಾಸಕ್ಕಷ್ಟೇ ಸೀಮಿತವಾಗಿರಲಿ. ಪುಟ ಒಂದು ಕಡೆ, ಎಪಿಐ (ಪುಟಕ್ಕೆ ಡೇಟಾ ಕೊಡುವ ಸರ್ವರ್ ಭಾಗ) ಇನ್ನೊಂದು ಡೊಮೈನ್‌ನಲ್ಲಿ ಇಟ್ಟರೆ ಈ ಕುಕಿ ಹೋಗುವುದಿಲ್ಲ. ಸೇಮ್‌ಸೈಟ್ 'ನನ್' ಮಾಡಿದರೂ ಐಫೋನಿನ ಸಫಾರಿ ಮೂರನೆಯವರ ಕುಕಿ ಎಂದು ತಡೆಯುತ್ತದೆ. ಎರಡನ್ನೂ ಒಂದೇ ಡೊಮೈನ್‌ನ ಸಬ್‌ಡೊಮೈನ್‌ಗಳಾಗಿ ಇಡಿ, ತಕರಾರೇ ಬರುವುದಿಲ್ಲ.

ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿ ಇನ್ನೊಂದು ಕಾಟ: ಪಿಎಚ್‌ಪಿ ಸಿಜಿಐ ಆಗಿ (ವೆಬ್ ಸರ್ವರ್‌ನ ಹೊರಗಿನ ಬೇರೆ ಪ್ರೋಗ್ರಾಮ್ ಆಗಿ) ಓಡುವಾಗ ಅಪಾಚೆ ವೆಬ್ ಸರ್ವರ್, ಟೋಕನ್ ಹೊತ್ತು ತರುವ ಆಥರೈಸೇಶನ್ ಹೆಡರನ್ನು ಒಳಗೆ ಬಿಡುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ನಡೆದದ್ದು ಅಲ್ಲಿ ಸದಾ 401. ಅಪಾಚೆ 2.4.13ರಿಂದ ಇರುವ ಸಿಜಿಐ-ಪಾಸ್-ಆಥ್ ಸೆಟ್ಟಿಂಗ್ ಆನ್ ಮಾಡಿದರೆ ಸರಿಹೋಗುತ್ತದೆ.

ಇನ್ನು ರಿಫ್ರೆಶ್. ಇಡೀ ವ್ಯವಸ್ಥೆಯ ಜೀವ ಇಲ್ಲಿದೆ, ಅವಸರ ಮಾಡಬೇಡಿ. ಡೇಟಾಬೇಸ್‌ನಲ್ಲಿ ಟೋಕನ್ ಇಡದೆ ಅದರ ಎಸ್‌ಎಚ್‌ಎ-256 ಹ್ಯಾಶ್ (ಹಿಂದಕ್ಕೆ ತಿರುಗಿಸಿ ಟೋಕನ್ ಪಡೆಯಲಾಗದ ಬೆರಳಚ್ಚಿನಂಥದ್ದು) ಇಡಿ. ಪಾಸ್‌ವರ್ಡ್‌ಗೆ ಬಳಸುವ ಬಿಕ್ರಿಪ್ಟ್ ಇಲ್ಲಿ ಬೇಡ: 32 ಬೈಟ್ ರ್‍ಯಾಂಡಮ್ ಸಂಖ್ಯೆಯನ್ನು ಯಾರೂ ಊಹಿಸಲಾರರು, ಮೇಲಾಗಿ ಬಿಕ್ರಿಪ್ಟ್ ಪ್ರತಿ ಸಲ ಬೇರೆ ಉತ್ತರ ಕೊಡುವುದರಿಂದ ಅದರ ಮೇಲೆ ಸಾಲು ಹುಡುಕಲು ಆಗುವುದಿಲ್ಲ. ಹ್ಯಾಶ್ ಜೊತೆಗೆ ಬಳಕೆದಾರರ ಐಡಿ, ಸಾಧನದ ಹೆಸರು, ಮುಗಿಯುವ ಸಮಯ, ಬಳಸಿದ ಸಮಯ, ಮತ್ತು ಒಂದು ಲಾಗಿನ್‌ನಿಂದ ಹುಟ್ಟಿದ ಟೋಕನ್‌ಗಳೆಲ್ಲ ಹಂಚಿಕೊಳ್ಳುವ ಒಂದು ಗುಂಪಿನ ಐಡಿ ಇರಲಿ.

ಪ್ರತಿ ರಿಫ್ರೆಶ್‌ಗೆ ಹಳೆಯದು ಬಳಕೆಯಾಯಿತು ಎಂದು ಗುರುತಿಸಿ, ಅದೇ ಗುಂಪಿನಲ್ಲಿ ಹೊಸದನ್ನು ಕೊಡಿ. ಬಳಸಿದ ಟೋಕನ್ ಮತ್ತೆ ಬಂದರೆ ಅದರ ನಕಲು ಇನ್ನೊಬ್ಬರ ಕೈಯಲ್ಲಿದೆ ಎಂದರ್ಥ. ಕದ್ದವರು ಯಾರು, ಅಸಲಿ ಯಾರು ಎಂದು ಸರ್ವರ್‌ಗೆ ತಿಳಿಯದು. ಆದ್ದರಿಂದ ಗುಂಪನ್ನೇ ರದ್ದು ಮಾಡಿ ಮತ್ತೆ ಲಾಗಿನ್ ಕೇಳಬೇಕು.

ಪುಸ್ತಕದಲ್ಲಿ ಇಷ್ಟಕ್ಕೇ ಮುಗಿಯುತ್ತದೆ. ಟೆಂಡರ್ ದಿನ ಬ್ಯಾಡಗಿ ಮಾರುಕಟ್ಟೆಯಲ್ಲಿ ಮುಗಿಯುವುದಿಲ್ಲ. ಜನಸಂದಣಿಯಲ್ಲಿ ನೆಟ್‌ವರ್ಕ್ ತೊದಲುತ್ತಿರುತ್ತದೆ. ಮೊಬೈಲ್ ರಿಫ್ರೆಶ್ ಕಳಿಸಿತು, ಸರ್ವರ್ ಹೊಸ ಟೋಕನ್ ಬರೆಯಿತು, ಉತ್ತರ ದಾರಿಯಲ್ಲೇ ಕಳೆಯಿತು. ಮೊಬೈಲ್ ಹಳೆಯ ಟೋಕನ್‌ನಿಂದಲೇ ಮತ್ತೆ ಕೇಳುತ್ತದೆ. ಸರ್ವರ್ ಅದನ್ನು ಕಳ್ಳತನ ಎಂದು ತಿಳಿದು ಹೊರಗೆ ಹಾಕುತ್ತದೆ. ತೂಕ ಏರಿಸುತ್ತಿದ್ದ ಹುಡುಗ ತಕ್ಕಡಿ ಮುಂದೆ ನಿಂತು ಒಟಿಪಿಗಾಗಿ ಕಾಯಬೇಕು. ಇದನ್ನು ತಪ್ಪಿಸಲು, ಬಳಸಿದ 30 ಸೆಕೆಂಡಿನೊಳಗೆ ಅದೇ ಟೋಕನ್ ಮತ್ತೆ ಬಂದರೆ ಗುಂಪು ರದ್ದು ಮಾಡದೆ ಇನ್ನೊಂದು ಹೊಸ ಟೋಕನ್ ಕೊಡಿ. ಮೊದಲು ಕೊಟ್ಟದ್ದನ್ನೇ ಮತ್ತೆ ಕೊಡಲು ಆಗದು, ನಿಮ್ಮಲ್ಲಿರುವುದು ಹ್ಯಾಶ್ ಮಾತ್ರ. ಆ 30 ಸೆಕೆಂಡ್ ಕಳ್ಳನಿಗೂ ಸಿಗುತ್ತದೆ ಎಂಬುದು ನಿಜ. ನಮ್ಮ ಕಡೆಯ ನೆಟ್‌ವರ್ಕ್‌ಗೆ ಈ ಬೆಲೆ ಕೊಡುವುದು ಸರಿ ಎಂದೇ ನಮ್ಮ ಅಭಿಪ್ರಾಯ. ಬ್ಯಾಂಕಿನ ಕೆಲಸವಾದರೆ ಕೊಡಬೇಡಿ.

ಇದೇ ತೊಂದರೆ ನೆಟ್‌ವರ್ಕ್ ಚೆನ್ನಾಗಿದ್ದಾಗಲೂ ಬರುತ್ತದೆ. ಡ್ಯಾಶ್‌ಬೋರ್ಡ್ ತೆರೆದಾಗ ಐದು ವಿನಂತಿಗಳು ಒಟ್ಟಿಗೆ ಹೋಗಿ ಐದಕ್ಕೂ 401 ಬಂದರೆ, ಐದು ರಿಫ್ರೆಶ್ ಓಡುತ್ತವೆ. ಬ್ರೌಸರ್ ಕೋಡ್‌ನಲ್ಲಿ ಒಂದೇ ಪ್ರಾಮಿಸ್ (ಮುಂದೆ ಬರಲಿರುವ ಉತ್ತರದ ಗುರುತು) ಇಟ್ಟು ಉಳಿದವು ಅದಕ್ಕೇ ಕಾಯುವಂತೆ ಮಾಡಿ. ಎರಡು ಟ್ಯಾಬ್ ತೆರೆದಿರುವವರಿಗೆ ವೆಬ್ ಲಾಕ್ಸ್ (ಒಮ್ಮೆಗೆ ಒಂದೇ ಟ್ಯಾಬ್‌ಗೆ ಸರದಿ ಕೊಡುವ ಬ್ರೌಸರ್ ಸೌಲಭ್ಯ) ಬಳಸಿ. ಸರ್ವರ್‌ನಲ್ಲಿ ಮೊದಲು ಓದಿ ಆಮೇಲೆ ಬರೆಯುವ ಕೋಡ್ ಬೇಡ. 'ಬಳಸಿದ ಸಮಯ ಖಾಲಿ ಇದ್ದರೆ ಮಾತ್ರ ತುಂಬು' ಎಂಬ ಒಂದೇ ಅಪ್‌ಡೇಟ್ ಬರೆದು, ಎಷ್ಟು ಸಾಲು ಬದಲಾಯಿತು ಎಂದು ನೋಡಿ. ಒಂದು ಬಂದರೆ ನೀವು ಮೊದಲಿಗರು, ಸೊನ್ನೆ ಬಂದರೆ ಇನ್ನೊಬ್ಬರು ಮುಂಚೆ ಬಂದಿದ್ದಾರೆ.

ಧಾರವಾಡದ ಸಪ್ತಾಪುರದಲ್ಲಿ ಓದುವ ಹುಡುಗರು ಅರ್ಜಿ ತುಂಬಲು ಕಂಪ್ಯೂಟರ್ ಸೆಂಟರ್‌ಗೆ ಹೋಗುತ್ತಾರೆ. ಒಬ್ಬರು ಎದ್ದ ಕುರ್ಚಿಗೆ ಇನ್ನೊಬ್ಬರು ಕೂರುತ್ತಾರೆ. ಅಲ್ಲಿ ಲಾಗೌಟ್ ನಿಜವಾಗಿ ಲಾಗೌಟ್ ಆಗಬೇಕು. ಗುಂಪನ್ನು ಡೇಟಾಬೇಸ್‌ನಲ್ಲಿ ರದ್ದು ಮಾಡಿ, ಆಮೇಲೆ ಕುಕಿ ಅಳಿಸಿ. ಕುಕಿ ಅಳಿಸುವಾಗ ಇಟ್ಟಾಗಿನ ಪಾತ್ ಮತ್ತು ಡೊಮೈನ್‌ಗಳನ್ನೇ ಕೊಡಬೇಕು. ಪಾತ್ ಬೇರೆಯಾದರೆ ಬ್ರೌಸರ್ ಹಳೆಯ ಕುಕಿಯನ್ನು ಹಾಗೇ ಇಟ್ಟುಕೊಳ್ಳುತ್ತದೆ, ಗುಂಪನ್ನೂ ರದ್ದು ಮಾಡಿರದಿದ್ದರೆ ಪುಟ ರಿಲೋಡ್ ಆದ ಕೂಡಲೇ ಹಿಂದಿನ ಹುಡುಗನ ಅಕೌಂಟ್ ತೆರೆಯುತ್ತದೆ.

ಟೋಕನ್ ಸರಿ ಇದ್ದರೆ ಕೇಳಿದ್ದೆಲ್ಲ ಕೊಡಬಹುದು ಎಂದು ತಿಳಿಯುವುದು ಇವೆಲ್ಲಕ್ಕಿಂತ ದೊಡ್ಡ ಹಾನಿ. ವಿಳಾಸದಲ್ಲಿ ಬಿಲ್ ಸಂಖ್ಯೆ 1043 ಇದ್ದದ್ದನ್ನು 1044 ಮಾಡಿದರೆ ಪಕ್ಕದ ಅಂಗಡಿಯ ಬಿಲ್ ಬರುತ್ತದೆಯೇ? ವೆಬ್ ಸುರಕ್ಷತೆಗಾಗಿ ಕೆಲಸ ಮಾಡುವ ಓವಾಸ್ಪ್ ಸಂಸ್ಥೆಯ ಎಪಿಐ ಅಪಾಯಗಳ ಪಟ್ಟಿಯಲ್ಲಿ 2019ರಲ್ಲೂ 2023ರಲ್ಲೂ ಮೊದಲ ಸ್ಥಾನ ಇದಕ್ಕೇ. ಬಿಲ್ ತೆಗೆಯುವ ಪ್ರತಿ ಕ್ವೆರಿಯಲ್ಲಿ ಬಿಲ್ ಸಂಖ್ಯೆಯ ಜೊತೆ ಅಂಗಡಿಯ ಐಡಿ ಕೂಡ ಇರಬೇಕು, ಆ ಐಡಿ ಪರಿಶೀಲಿಸಿದ ಟೋಕನ್‌ನಿಂದಲೇ ಬರಬೇಕು, ಫಾರ್ಮ್‌ನಿಂದ ಬರಬಾರದು.

ಕೊನೆಗೆ ಲಾಗ್ ಫೈಲುಗಳು. ಯುಆರ್‌ಎಲ್‌ನಲ್ಲಿ ಟೋಕನ್ ಕಳಿಸಿದರೆ ಎಂಜಿನ್‌ಎಕ್ಸ್ ವೆಬ್ ಸರ್ವರ್‌ನ ಆ್ಯಕ್ಸೆಸ್ ಲಾಗ್‌ನಲ್ಲಿ ಅದು ಪೂರ್ತಿ ಉಳಿಯುತ್ತದೆ, ಬ್ಯಾಕಪ್‌ಗೂ ಹೋಗುತ್ತದೆ. ಎರರ್ ಬಂದಾಗ ಹೆಡರ್‌ಗಳನ್ನೆಲ್ಲ ಬರೆಯುವ ಕೋಡ್ ಕೂಡ ಅಷ್ಟೇ ಅಪಾಯ. ಜೆಡಬ್ಲ್ಯೂಟಿ ಸಾಮಾನ್ಯವಾಗಿ ಇ, ವೈ, ಜೆ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುತ್ತದೆ. ಲಾಗ್‌ಗಳಲ್ಲಿ, ಗಿಟ್ (ಕೋಡ್‌ನ ಹಳೆಯ ಪ್ರತಿಗಳನ್ನೆಲ್ಲ ಉಳಿಸುವ ಸಾಫ್ಟ್‌ವೇರ್) ಇತಿಹಾಸದಲ್ಲಿ ಆ ಮೂರಕ್ಷರ ಹುಡುಕಿ. ಗಿಟ್‌ನಲ್ಲಿ ಸಹಿಯ ಕೀಯೇ ಸಿಕ್ಕರೆ ಫೈಲ್ ಅಳಿಸಿ ಸುಮ್ಮನಾಗಬೇಡಿ, ಹಳೆಯ ಕಮಿಟ್‌ನಲ್ಲಿ ಅದು ಇದ್ದೇ ಇರುತ್ತದೆ. ಹೊಸ ಕೀ ಹಾಕಿ, ಹಳೆಯದರ ಸಹಿಯನ್ನು ಆ ಗಳಿಗೆಯಿಂದಲೇ ತಿರಸ್ಕರಿಸಿ. ರಿಫ್ರೆಶ್ ಟೋಕನ್‌ಗಳು ಆ ಕೀಯನ್ನು ಅವಲಂಬಿಸಿಲ್ಲವಾದ್ದರಿಂದ ಎಲ್ಲರಿಗೂ ಒಂದು 401 ಬಂದು, ರಿಫ್ರೆಶ್ ನಡೆದು, ಕೆಲಸ ಮುಂದುವರಿಯುತ್ತದೆ. ಯಾರೂ ಮತ್ತೆ ಲಾಗಿನ್ ಆಗಬೇಕಿಲ್ಲ.