ಖಾಲಿ ಪಂಚೆಯ ಲೆಕ್ಕ

ಡಿಸೆಂಬರ್ ಕೊನೆಯ ವಾರ, ರಾತ್ರಿ ಒಂಬತ್ತೂವರೆ. ಅಂಗಳದಲ್ಲಿ ಅಡಿಕೆ ಸುಲಿಯೋರ ಮೆಟ್ಟುಗತ್ತಿ ಟಕ್ ಟಕ್ ಅಂತಿದೆ, ಅಲ್ಲಿಂದ ಮೂವತ್ತು ಹೆಜ್ಜೆ ಆಚೆ ಬೆಟ್ಟದ ಅಂಚಲ್ಲಿ ನಾನು ಅಪ್ಪಯ್ಯನ ಹಳೇ ಬಿಳಿ ಪಂಚೆ ಕಟ್ಟಿ, ಅದರ ಮುಂದೆ ಬಲ್ಬು ನೇತುಹಾಕಿ, ಸ್ವೆಟರ್ ಮೇಲೆ ಕಂಬಳಿ ಹೊದ್ದು ಕೂತಿದ್ದೇನೆ. ಪಂಚೆ ಮೇಲೆ ಮೂರೇ ಮೂರು ಪತಂಗ. ಅದರಲ್ಲೂ ಒಂದು ನಾನು ಪಂಚೆ ಬಿಡಿಸುವಾಗ್ಲೇ ಮಡಿಕೆ ಒಳಗಿತ್ತೋ ಏನೋ ಅನ್ನೋ ಡೌಟು. ಅಕ್ಟೋಬರಲ್ಲಿ ಮಳೆ ಬಿಟ್ಟ ಹೊಸತರಲ್ಲಿ ಇದೇ ಪಂಚೆ ಮೇಲೆ ಬೆರಳಿಡೋಕೆ ಜಾಗ ಇರ್ಲಿಲ್ಲ, ನನ್ನ ಕಿವಿ ಒಳಗೆಲ್ಲ ಹುಳ. ಅಪ್ಪಯ್ಯ ಅಡಿಕೆ ಬೇಯಿಸೋ ಒಲೆಗೆ ಸೌದೆ ಕುಂಟೆ ದೂಡಿ, ಈ ಕಡೆ ಬಂದು ಒಂದ್ನಿಮಿಷ ನೋಡಿ, "ತಮಾ, ಹುಳ ಎಣಿಸಿ ಎಂತ ಬತ್ತು? ಅದೂ ಇಲ್ದೇ ಇಪ್ಪ ಹುಳ?" ಅಂದು ಹೋದರು.

ಎಂತ ಬತ್ತು ಅನ್ನೋದಕ್ಕೆ ನನ್ನತ್ರ ಉತ್ತರ ಇಲ್ಲ, ಆದ್ರೆ "ಇಲ್ದೇ ಇಪ್ಪ ಹುಳ" ಅನ್ನೋ ಮಾತಿಗೆ ಮಾತ್ರ ನನ್ನ ತಕರಾರಿದೆ. ಹುಳ ಇಲ್ಲ ಅಂತಲ್ಲ ಮಾರಾಯ್ರೆ, ಪಂಚೆಗೆ ಬಂದಿಲ್ಲ ಅಷ್ಟೇ. ಈ ಎರಡು ಮಾತಿನ ಮಧ್ಯೆ ಅಜಗಜಾಂತರ ಇದೆ, ಮತ್ತೆ ಪತಂಗ ದಾಖಲಿಸೋಕೆ ಹೊರಟ ಹತ್ತರಲ್ಲಿ ಒಂಬತ್ತು ಜನ ಚಳಿಗಾಲದಲ್ಲಿ ಕೆಲಸ ಬಿಡೋದೇ ಇದನ್ನ ತಪ್ಪು ತಿಳ್ಕೊಂಡು.

ಮೊದಲು ಬಲ್ಬಿನ ಕತೆ. ಪತಂಗಕ್ಕೆ ಬೆಳಕಂದ್ರೆ ಪ್ರೇಮ, ದೀಪಕ್ಕೆ ಪ್ರಾಣ ಕೊಡ್ತದೆ ಅಂತ ಭಾವಗೀತೆ ಬರೆಯೋರು ಹೇಳ್ತಾರೆ, ಅವರನ್ನ ಬಿಡಿ. ಸ್ವಲ್ಪ ಓದಿಕೊಂಡೋರು ಹೇಳೋದು ಬೇರೆ: ಪತಂಗ ಚಂದ್ರನ್ನ ನೋಡಿ ದಿಕ್ಕು ಹಿಡಿತದೆ, ಬಲ್ಬನ್ನೇ ಚಂದ್ರ ಅಂದ್ಕೊಂಡು ಸುತ್ತಿ ಸುತ್ತಿ ಒಳಗೆ ಬೀಳ್ತದೆ. ನಾನೇ ಇದನ್ನ ಶಾಲೆ ಮಕ್ಕಳಿಗೆ ಬೋರ್ಡ್ ಮೇಲೆ ಚಿತ್ರ ಬರೆದು ಹೇಳಿಕೊಟ್ಟಿದ್ದೆ, ಈಗ ನೆನೆಸಿದ್ರೆ ನಾಚಿಕೆ ಆಗ್ತದೆ. 2024ರ ಜನವರಿಯಲ್ಲಿ ಸ್ಯಾಮ್ಯುಯೆಲ್ ಫೇಬಿಯನ್, ಯಶ್ ಸೋಂಧಿ ಮತ್ತವರ ಸಂಗಡಿಗರು ನೇಚರ್ ಕಮ್ಯುನಿಕೇಶನ್ಸ್ ಪತ್ರಿಕೆಯಲ್ಲಿ ಒಂದು ಪ್ರಬಂಧ ಹಾಕಿದ್ರು. ಲಂಡನ್ನಿನ ಲ್ಯಾಬಲ್ಲೂ ಕೋಸ್ಟರಿಕಾದ ಕಾಡಲ್ಲೂ ಹೈಸ್ಪೀಡ್ ಕ್ಯಾಮೆರಾ ಇಟ್ಟು ಹುಳ ಹಾರೋದನ್ನ ಹಿಡಿದ್ರೆ, ಅವು ಬಲ್ಬಿಗೆ ಮುಖ ಮಾಡ್ತಾನೇ ಇಲ್ಲ. ಬೆನ್ನು ಕೊಡ್ತಾ ಇವೆ.

ಬೆನ್ನು ಯಾಕೆ ಅಂದ್ರೆ, ಹಾರೋ ಹುಳಕ್ಕೆ "ಮೇಲೆ ಯಾವುದು" ಅಂತ ಗೊತ್ತಾಗೋದೇ ದೊಡ್ಡ ಪಂಚಾಯ್ತಿ. ನಮಗೇನು, ನಿಂತಲ್ಲಿ ಭಾರ ಕಾಲಿಗೆ ಬರ್ತದೆ, ಕೆಳಗೆ ಯಾವ್ದು ಅಂತ ತಿಳಿತದೆ. ಆದ್ರೆ ದೇವಿಮನೆ ಘಟ್ಟ ಇಳಿಯೋ ಬಸ್ಸಲ್ಲಿ ಒಂದ್ಸಲ ಬಾಟ್ಲಿ ನೀರು ನೋಡಿ, ಒಂದು ತಿರುವಲ್ಲಿ ನೀರು ಎಡಕ್ಕೆ ವಾಲ್ತದೆ, ಮುಂದಿನ ತಿರುವಲ್ಲಿ ಬಲಕ್ಕೆ, ಆ ನೀರನ್ನ ನಂಬ್ಕೊಂಡು ಯಾರಾದ್ರೂ ಗೋಡೆ ಕಟ್ಟಿದ್ರೆ ಗತಿ ಏನು? ಮಾರಿಕಾಂಬಾ ಜಾತ್ರೆ ತೊಟ್ಟಿಲಲ್ಲಿ ಕೂತು ಕಣ್ಣು ಮುಚ್ಚಿ, ಹೊಟ್ಟೆ ಒಂದು ಹೇಳ್ತದೆ ತಲೆ ಇನ್ನೊಂದು ಹೇಳ್ತದೆ. ಪತಂಗದ ಇಡೀ ಜೀವನ ಆ ತೊಟ್ಟಿಲಲ್ಲೇ, ಅದೂ ಕ್ಷಣಕ್ಕೊಂದು ತಿರುವು. ಹಾಗಾಗಿ ಅದು ಭಾರವನ್ನ ನಂಬೋದಿಲ್ಲ, ಆಕಾಶವನ್ನ ನಂಬ್ತದೆ. ಎಷ್ಟೇ ಕಗ್ಗತ್ತಲಾದ್ರೂ ಆಕಾಶ ನೆಲಕ್ಕಿಂತ ಒಂಚೂರು ಬೆಳ್ಳಗಿರ್ತದೆ, ಬೆಳ್ಳಗಿದ್ದ ಕಡೆಗೆ ಬೆನ್ನು ಇಟ್ಕೊಂಡ್ರೆ ಹೊಟ್ಟೆ ತಾನಾಗಿ ನೆಲದ ಕಡೆ ಇರ್ತದೆ. ಗಾರೆ ಕೆಲಸದವರ ರಸಮಟ್ಟ ಇದ್ದ ಹಾಗೆ, ಗುಳ್ಳೆ ಯಾವಾಗ್ಲೂ ಮೇಲೆ. ಕೋಟಿಗಟ್ಟಲೆ ವರ್ಷ ಈ ರಸಮಟ್ಟ ಒಂದು ಸಲಾನೂ ಸುಳ್ಳು ಹೇಳಿರ್ಲಿಲ್ಲ, ಆಮೇಲೆ ನಾವು ಬಂದು ಪಕ್ಕದಲ್ಲಿ ಬಲ್ಬು ಹಾಕಿದ್ವಿ.

ಬಲ್ಬು ಪಕ್ಕದಲ್ಲಿದ್ರೆ ಹುಳ ಬೆನ್ನನ್ನ ಆ ಕಡೆ ವಾಲಿಸ್ತದೆ, ವಾಲಿಸಿದ ಕೂಡ್ಲೆ ದಾರಿ ಬಾಗ್ತದೆ, ಬಾಗಿದಷ್ಟೂ ಮತ್ತೆ ವಾಲಿಸ್ತದೆ, ಹಗ್ಗ ಕಟ್ಟಿದ ಕರು ಗೂಟ ಸುತ್ತಿದ ಹಾಗೆ ಸುತ್ತು ಶುರು. ಬಲ್ಬು ಕೆಳಗಿದ್ರೆ ಇನ್ನೂ ಫಜೀತಿ. ಫೇಬಿಯನ್ ತಂಡದವರು ನೆಲದ ಮೇಲೆ ಬಿಳಿ ಬಟ್ಟೆ ಹಾಸಿ ಅದಕ್ಕೆ ಬೆಳಕು ಬಿಟ್ಟಾಗ ಹುಳಗಳು ಗಾಳಿಯಲ್ಲೇ ಅಂಗಾತ ತಿರುಗಿ ದಬಾರಂತ ಬಿದ್ವಂತೆ, ಅದೇ ಬೆಳಕನ್ನ ಮೇಲೆ ಚಪ್ಪರದ ಹಾಗೆ ಹರಡಿದಾಗ ಏನೂ ಆಗದ ಹಾಗೆ ಅದರ ಅಡಿಗೆ ಹಾರಿ ಹೋದ್ವಂತೆ. ಇದನ್ನ ಓದಿದ ರಾತ್ರಿ ನಾನು ಟಾರ್ಚ್ ನೆಲಕ್ಕಿಟ್ಟು ಎಷ್ಟೊತ್ತು ಆಟ ಆಡಿದೆ ಅಂದ್ರೆ ಆಯಿ ಬಾಗಿಲು ಹಾಕ್ಕೊಂಡು ಮಲಗಿಯೇಬಿಟ್ಟಿದ್ದಳು.

ಈಗ ಪಂಚೆಗೆ ವಾಪಸ್ ಬನ್ನಿ. ಬಲ್ಬು ಬೆಟ್ಟದ ಹುಳನ್ನೆಲ್ಲ ಊಟಕ್ಕೆ ಕರೆಯೋ ಗಂಟೆ ಅಲ್ಲ. ಹತ್ತಿರದಲ್ಲಿ ಹಾರ್ತಾ ಹೋಗೋದನ್ನ ಮುಗ್ಗರಿಸಿ ಕೆಡವೋ ಎಡವುಗಲ್ಲು. ಹಾರದೇ ಇದ್ದದ್ದು ಎಡವೋದಿಲ್ಲ, ಎಡವದೇ ಇದ್ದದ್ದು ನನ್ನ ಪಟ್ಟಿಗೆ ಬರೋದಿಲ್ಲ.

ಈ ಎಡವುಗಲ್ಲಿನ ಜೋರೂ ದಿನಾ ಒಂದೇ ಥರ ಇರೋದಿಲ್ಲ. ದೀಪಾವಳಿ ಬಂತಂದ್ರೆ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಂದು ಮೆಸೇಜು ಗ್ಯಾರಂಟಿ, "ನಮ್ಮ ಹಿರಿಯರು ಎಷ್ಟು ಸೈಂಟಿಫಿಕ್ ನೋಡಿ, ಬೆಳೆ ತಿನ್ನೋ ಕೀಟ ಸಾಯ್ಲಿ ಅಂತ್ಲೇ ಹಣತೆ ಹಚ್ಚೋ ಪದ್ಧತಿ ಮಾಡಿದ್ದು" ಅಂತ. ದೊಡ್ಡಹಬ್ಬಕ್ಕೆ ಹಣತೆ ಸಾಲು ಚಂದ ಕಾಣ್ತದೆ, ಅಷ್ಟು ಸಾಲ್ದಾ, ಅದಕ್ಕೂ ಕೀಟನಾಶಕದ ಸರ್ಟಿಫಿಕೇಟ್ ಬೇಕಾ? ಆ ದಿನಗಳಲ್ಲಿ ದೀಪಕ್ಕೆ ಮುತ್ತೋ ಹಸಿರು ಪುಟಾಣಿ ಇದ್ಯಲ್ಲ, ಭತ್ತದ ಜಿಗಿಹುಳ, ಅದು ಪತಂಗವೇ ಅಲ್ಲ. ಕಾಂಡಕೊರಕದ ಪತಂಗ ಬರ್ತದೆ, ಹೌದು, ಆದ್ರೆ ಬೆಟ್ಟದಿಂದ ಬರೋ ಹೆಚ್ಚಿನವು ನಿಮ್ಮ ಗದ್ದೆ ಕಡೆ ತಲೆ ಹಾಕಿಯೂ ಮಲಗೋದಿಲ್ಲ. ಹಣತೆಯ ಹಳದಿ ಕೆಂಪು ಬೆಳಕಲ್ಲಿ ಹುಳದ ಕಣ್ಣಿಗೆ ನಾಟೋ ನೇರಳಾತೀತ, ನೀಲಿ ತೀರಾ ಕಮ್ಮಿ. ಆದ್ರೆ ಹಬ್ಬ ಬೀಳೋದು ಅಮಾವಾಸ್ಯೆಗೆ, ಆ ಒಂದು ಪಾಯಿಂಟು ಮಾತ್ರ ಪತಂಗದ ಲೆಕ್ಕದವರಿಗೆ ಚಿನ್ನ. ಹುಣ್ಣಿಮೆಗೆ ಆಕಾಶವೇ ಬೆಳಗಿದ್ದಾಗ ನನ್ನ ಬಲ್ಬಿಗೆ ಯಾರು ಮರುಳಾಗ್ತಾರೆ? ಅಮಾವಾಸ್ಯೆಯ ಪಂಚೆಯನ್ನ ಹುಣ್ಣಿಮೆಯ ಪಂಚೆ ಜೊತೆ ಹೋಲಿಸಿ "ಹದಿನೈದೇ ದಿನಕ್ಕೆ ಹುಳ ಅರ್ಧ ಆಯ್ತು" ಅಂತ ಬರೆಯೋದು, ಬಂದ್ ದಿನ ಬಸ್‌ಸ್ಟ್ಯಾಂಡಿಗೆ ಹೋಗಿ ಶಿರಸಿ ಜನಸಂಖ್ಯೆ ಬರೆದ ಹಾಗೆ.

ಇದನ್ನ ಮೊದಲು ಗಟ್ಟಿಯಾಗಿ ಲೆಕ್ಕ ಹಾಕಿ ತೋರಿಸಿದೋರಲ್ಲಿ ಸಿ. ಬಿ. ವಿಲಿಯಮ್ಸ್ ಒಬ್ಬ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1933ರಿಂದ ನಾಲ್ಕು ವರ್ಷ ರಾತ್ರಿ ರಾತ್ರಿ ಬೆಳಕಿನ ಬೋನು ಇಟ್ಟು, ಚಳಿ ಮಳೆ ಬಿಡದೆ, ಹುಳ ಎಷ್ಟು, ಆವತ್ತಿನ ಕನಿಷ್ಠ ಉಷ್ಣಾಂಶ ಎಷ್ಟು, ಚಂದ್ರ ಎಷ್ಟು ಅಂತ ಬರೆದಿಟ್ಟ. ಖಾಲಿ ರಾತ್ರಿಗಳನ್ನೂ ಬರೆದ ಅನ್ನೋದನ್ನ ಗಮನಿಸಿ. 1943ರಲ್ಲಿ ಸಂಖ್ಯಾಶಾಸ್ತ್ರದ ಫಿಶರ್, ಮಲಯಾದ ಚಿಟ್ಟೆ ಹಿಡಿದ ಕಾರ್ಬೆಟ್, ಈ ವಿಲಿಯಮ್ಸ್ ಮೂವರೂ ಸೇರಿ ಬರೆದ ಪ್ರಬಂಧ ಇವತ್ತಿಗೂ ಜೀವವೈವಿಧ್ಯದ ಲೆಕ್ಕಕ್ಕೆ ಅಡಿಪಾಯ. ಅದರ ತಿರುಳು ನಮ್ಮ ಪಂಚೆ ಮೇಲೂ ಕಾಣ್ತದೆ, ಕೆಲವೇ ಜಾತಿಗಳು ಹಿಂಡು ಹಿಂಡಾಗಿ ಬರ್ತವೆ, ಉಳಿದ ಉದ್ದದ ಪಟ್ಟಿ ಪೂರ್ತಿ ಒಂದೊಂದೇ ಬಂದವು. ಈ ಒಂಟಿಗಳನ್ನ ಕಂಡ ಕೂಡ್ಲೆ "ಅಪರೂಪದ ಚಿಟ್ಟೆ ಪತ್ತೆ" ಅಂತ ಪೇಪರಿಗೆ ಫೋಟೋ ಕಳಿಸೋರಿದ್ದಾರಲ್ಲ, ಅವರಿಗೊಂದು ನಮಸ್ಕಾರ. ಪ್ರತಿ ವರ್ಷ ಒಂದು ಅಟ್ಲಾಸ್ ಪತಂಗ ಯಾರದೋ ಮನೆ ಗೋಡೆ ಮೇಲೆ ಕೂತು ಸುದ್ದಿ ಆಗ್ತದೆ, ಪ್ರತಿ ವರ್ಷವೂ ಅದು ಅಪರೂಪ, ಪ್ರತಿ ವರ್ಷವೂ ಅದು ಚಿಟ್ಟೆ. ಪಾಪ ಅದಕ್ಕೆ ಉಣ್ಣೋಕೆ ಬಾಯೂ ಇಲ್ಲ, ಮರಿಹುಳ ಇದ್ದಾಗ ತಿಂದ ಗಂಟು ಕರಗೋವರೆಗೆ ಒಂದು ವಾರ ಬದುಕಿ ಮೊಟ್ಟೆ ಇಟ್ಟು ಹೋಗ್ತದೆ, ಆ ವಾರದಲ್ಲಿ ನಾಲ್ಕು ಜನ ಅದರ ಜೊತೆ ಸೆಲ್ಫಿ.

ಸರಿ, ಚಳಿಗೆ ಬರ್ತೇನೆ, ಅಪ್ಪಯ್ಯನ ಪ್ರಶ್ನೆಗೆ ಅಸಲಿ ಉತ್ತರ ಅಲ್ಲೇ ಇರೋದು. ದೊಡ್ಡ ಪತಂಗ, ಮುಖ್ಯವಾಗಿ ಹಾಕ್‌ಮಾತ್ ಅಂತಾರಲ್ಲ, ಬಾಣದ ಹಾಗೆ ಹೋಗೋ ದಪ್ಪ ಮೈಯದ್ದು, ಅದು ಹಾರ್ಬೇಕಂದ್ರೆ ಎದೆಯ ಸ್ನಾಯು ಹೆಚ್ಚುಕಮ್ಮಿ ನಮ್ಮ ಮೈಯಷ್ಟೇ ಬಿಸಿ ಇರ್ಬೇಕು, 35 ಡಿಗ್ರಿ ಆಸುಪಾಸು. ಹೊರಗೆ ನನ್ನ ಥರ್ಮಾಮೀಟರ್ 15 ತೋರಿಸ್ತಿದೆ. ಉಳಿದ 20 ಡಿಗ್ರಿ ಎಲ್ಲಿಂದ? ನಡುಗಿ ಸಂಪಾದಿಸ್ತದೆ. ರೆಕ್ಕೆ ಮೇಲೆತ್ತೋ ಸ್ನಾಯು, ಕೆಳಗೆಳೆಯೋ ಸ್ನಾಯು ಎರಡನ್ನೂ ಹೆಚ್ಚುಕಮ್ಮಿ ಒಟ್ಟಿಗೇ ಬಿಗಿತದೆ. ಇಬ್ಬರು ಎಳೆಯೋ ದೊಡ್ಡ ಗರಗಸ ಇದ್ಯಲ್ಲ, ಇಬ್ಬರೂ ಒಂದೇ ಸಲ ತಮ್ಮ ತಮ್ಮ ಕಡೆ ಎಳೆದ್ರೆ ಮರ ಕೊಯ್ಯೋದಿಲ್ಲ, ಆದ್ರೆ ಇಬ್ಬರಿಗೂ ಬೆವರು ಬರ್ತದೆ, ಪತಂಗಕ್ಕೆ ಬೇಕಾದ್ದು ಆ ಬೆವರೇ. ಹಳೇ ಡೀಸೆಲ್ ಜೀಪಿಗೆ ಚಳಿ ಬೆಳಿಗ್ಗೆ ಹೀಟರ್ ಹಾಕಿ ಕಾಯ್ತಿದ್ವಲ್ಲ, ಹಾಗೆ ಎಷ್ಟೋ ನಿಮಿಷ ಗೋಡೆ ಮೇಲೆ ಕೂತಲ್ಲೇ ರೆಕ್ಕೆ ಮಸುಕಾಗಿ ಕಾಣೋ ಹಾಗೆ ನಡುಗಿ, ಆಮೇಲೆ ಒಂದೇ ನೆಗೆತ. ಎದೆ ಮೇಲಿನ ದಪ್ಪ ರೋಮ ಏನಂದ್ರೆ ಕಂಬಳಿ, ಬಿಸಿ ಹಿಡಿದಿಡೋಕೆ. ಬಿಸಿ ಜಾಸ್ತಿ ಆದ್ರೆ? ಎದೆಯ ರಕ್ತವನ್ನ ಹೊಟ್ಟೆ ಕಡೆ ಪಂಪ್ ಮಾಡಿ ತಣಿಸ್ಕೊಳ್ತದೆ, ರೇಡಿಯೇಟರೂ ಇದೆ! ಇದನ್ನ ಬರ್ಂಡ್ ಹೈನ್ರಿಕ್ 1971ರಲ್ಲಿ ಅಮೆರಿಕಾದ ತಂಬಾಕಿನ ಹಾಕ್‌ಮಾತ್ ಮೇಲೆ ತೋರಿಸಿದ. ತಣ್ಣಗಿನ ರಕ್ತದ ಜೀವಿ ಅಂತ ಪಾಠದಲ್ಲಿ ಓದಿದ್ದನ್ನ ಇಲ್ಲಿಗೆ ಬಿಟ್ಟುಬಿಡಿ.

ಸಣ್ಣ ಪತಂಗಗಳಿಗೆ ಈ ಐಷಾರಾಮ ಇಲ್ಲ. ಚಮಚದಲ್ಲಿನ ಚಾ ಹಂಡೆ ನೀರಿಗಿಂತ ಬೇಗ ಆರೋ ಹಾಗೆ ಅವುಗಳ ಮೈ ಬಿಸಿ ಹುಟ್ಟಿದಷ್ಟೂ ಆರಿ ಹೋಗ್ತದೆ, ಹೊರಗೆ ತಣ್ಣಗಾದ್ರೆ ಹೆಚ್ಚಿನವು ಕೂತಲ್ಲೇ ಬಾಕಿ. ಇಂಗ್ಲೆಂಡಲ್ಲಿ ವಿಂಟರ್‌ಮಾತ್ ಅಂತ ಒಂದಿದೆ, ಗಂಡು ತೆಳ್ಳಗಿನ ಮೈಗೆ ಅಗಲ ರೆಕ್ಕೆ ಕಟ್ಟಿಕೊಂಡು ನೀರು ಹೆಪ್ಪುಗಟ್ಟೋ ಚಳಿಯಲ್ಲೂ ತೇಲ್ತದೆ, ಹೆಣ್ಣಿಗೆ ರೆಕ್ಕೆ ಮೊಂಡು, ಮರ ಹತ್ತಿ ಗಂಡಿಗೆ ಕಾಯ್ತದೆ. ನಮ್ಮ ಘಟ್ಟದ ಚಳಿ ಅಷ್ಟು ಜಬರ್ದಸ್ತಿನದ್ದಲ್ಲ, ಹಾಗಾಗಿ ಇಲ್ಲಿ ಒಂದು ರಾತ್ರಿ ಮೋಡ ಕವಿದು ನಾಲ್ಕು ಡಿಗ್ರಿ ಏರಿದ್ರೆ ಪಂಚೆ ಮತ್ತೆ ತುಂಬ್ತದೆ. ನಿನ್ನೆ ಇಲ್ಲದ ಹುಳ ಇವತ್ತು ಎಲ್ಲಿಂದ ಬಂತು, ಬಸ್ಸಲ್ಲಿ ಬಂತಾ? ಇಲ್ಲೇ ತೊಗಟೆ ಸಂದಿಯಲ್ಲಿ ಕೂತಿತ್ತು. ಇನ್ನೂ ಎಷ್ಟೋ ಜಾತಿ ಒಣಗಿ ಬಿದ್ದ ಎಲೆ ದರಕಿನ ಅಡಿಗೆ, ಮಣ್ಣಲ್ಲಿ ಕೋಶ ಕಟ್ಟಿ ಮಳೆಗೆ ಕಾಯ್ತಿರ್ತವೆ. (ಅಂದ ಹಾಗೆ 2012ರಿಂದ ಶುರುವಾದ ಅಮೆರಿಕಾ ಮೂಲದ ಪತಂಗ ಸಪ್ತಾಹ ಬರೋದು ಜುಲೈ ಕೊನೆಗೆ. ಶಿರಸಿಯಲ್ಲಿ ಜುಲೈ ಕೊನೆಗೆ ಪಂಚೆ ಕಟ್ಟಿದ್ರೆ ಹುಳ ಬಿಡಿ, ಪಂಚೆಯೇ ಉಳಿಯೋದಿಲ್ಲ.)

ಇದೆಲ್ಲ ಬಲ್ಬಿಲ್ಲದೇ ಅರ್ಥ ಮಾಡ್ಕೊಂಡ ಮನುಷ್ಯ ನಮ್ಮ ಜಿಲ್ಲೆಯಲ್ಲೇ ಇದ್ದ, ಟಿ. ಆರ್. ಬೆಲ್. 1863ರಲ್ಲಿ ಐರ್ಲೆಂಡಲ್ಲಿ ಹುಟ್ಟಿ, ಆಗ ಬಾಂಬೆ ಪ್ರೆಸಿಡೆನ್ಸಿಗೆ ಸೇರಿದ್ದ ನಮ್ಮ ಕಾಡುಗಳಲ್ಲಿ ಅರಣ್ಯಾಧಿಕಾರಿಯಾಗಿದ್ದು, ನಿವೃತ್ತಿ ಆದ್ಮೇಲೂ ಊರಿಗೆ ಹೋಗದೇ ಕಾರವಾರದಲ್ಲೇ ಉಳಿದು 1948ರಲ್ಲಿ ಅಲ್ಲೇ ತೀರಿಕೊಂಡ. ಡೇವಿಡ್ಸನ್, ಐಟ್ಕೆನ್ ಜೊತೆ ಸೇರಿ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ 1890ರ ದಶಕದಲ್ಲೇ ಬರೆದ, 1937ರಲ್ಲಿ ಸ್ಕಾಟ್ ಜೊತೆ ಹಾಕ್‌ಮಾತ್‌ಗಳ ಮೇಲೆ ಬಂದ ಅವನ ಸಂಪುಟ ಇಲ್ಲದೇ ಇವತ್ತಿಗೂ ಯಾರೂ ಈ ಕೆಲಸ ಮಾಡೋ ಹಾಗಿಲ್ಲ. ಕಾರವಾರ ಬೀಚಿಗೆ ಹೋಗೋ ಲಕ್ಷ ಜನರಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು ಕೇಳ್ಬೇಡಿ. ಬೆಲ್‌ನ ಉಪಾಯ ಸರಳ, ಮರಿಹುಳ ಹುಡುಕೋದು, ಎಲೆ ಹಾಕಿ ಸಾಕೋದು, ಎಂತ ಹೊರಬರ್ತದೆ ನೋಡೋದು. ಪತಂಗ ಚಳಿಗೆ ಹಾರ್ಲಿ ಬಿಡ್ಲಿ, ಮರಿಹುಳ ತಿನ್ನೋ ಗಿಡ ಎಲ್ಲೂ ಓಡಿ ಹೋಗೋದಿಲ್ಲ.

ಫೇಬಿಯನ್ ತಂಡದ ಪ್ರಯೋಗದಲ್ಲಿ ಬಲ್ಬಿನ ಮೇಲೇ ಹಾದು ಹೋದ್ರೂ ವಾಲದೇ ನೆಟ್ಟಗೆ ಹಾರಿದ ಒಂದು ಪತಂಗ ಇತ್ತು, ಕಣಗಿಲೆ ಹಾಕ್‌ಮಾತ್. ನನ್ನ ಪಂಚೆಗೆ ಅದು ಎಲ್ಲೋ ಅಪ್ಪಿತಪ್ಪಿ ಬಂದಿದ್ದು. ಪಟ್ಟಿ ನೋಡಿದ್ರೆ ನಮ್ಮೂರಲ್ಲಿ ಅದು ಇದ್ದೂ ಇಲ್ಲದ ಹಾಗೆ ಅನ್ಬೇಕು. ಆದ್ರೆ ಬಾವಿಕಟ್ಟೆ ಪಕ್ಕದ ನಂದಿಬಟ್ಟಲು ಗಿಡದಲ್ಲಿ ಕಳೆದ ತಿಂಗಳು ಅದರ ಮರಿಹುಳ ನಾಲ್ಕಿದ್ವು, ಬೆರಳುದ್ದ, ಹಸಿರು ಮೈ, ಹಿಂದೆ ಒಂದು ಕೊಂಬು, ಕೆಣಕಿದ್ರೆ ತಲೆ ಬಗ್ಗಿಸಿ ಕುತ್ತಿಗೆ ಹತ್ತಿರದ ಎರಡು ನೀಲಿ ಕಣ್ಣುಚುಕ್ಕೆ ತೋರಿಸಿ ಹೆದರಿಸೋದು. ಆಯಿ ದೇವರ ಹೂವು ಕೊಯ್ಯೋಕೆ ಹೋಗಿ ಕಂಡು, ವಿಷದ ಹುಳ ಅಂತ ಬೂದಿ ಹಾಕೋಕೆ ಹೊರಟಿದ್ದಳು, ಕೈ ಮೇಲೆ ಹತ್ತಿಸ್ಕೊಂಡು ತೋರಿಸಿದ್ಮೇಲೆ ಬಿಟ್ಟಳು, ಆದ್ರೂ ಆ ಗಿಡದ ಹೂವು ಒಂದು ವಾರ ದೇವರಿಗೆ ಹೋಗ್ಲಿಲ್ಲ.

ರಾತ್ರಿ ಹನ್ನೊಂದಕ್ಕೆ ಸುಲಿಯೋರು ಎದ್ದು ಹೋದ್ರು, ನಾನೂ ಬಲ್ಬು ಆರಿಸಿ ಪಂಚೆ ಕೊಡವಿ ಕೈ ಕಾಯಿಸೋಕೆ ಒಲೆ ಹತ್ತಿರ ಬಂದೆ. ಅಡಿಕೆ ಬೇಯಿಸಿದ ಚೊಗರಿನ ವಾಸನೆ, ಕೆಂಡ. ಹಂಡೆ ಹಿಂದಿನ ಗೋಡೆ ಇನ್ನೂ ಬೆಚ್ಚಗಿತ್ತು, ಅದರ ಮೇಲೆ ಒಂದು ದಪ್ಪ ಹಾಕ್‌ಮಾತ್, ಜ್ವರ ಬಂದವರ ಹಾಗೆ ನಡುಗ್ತಾ ಇತ್ತು. ಅಪ್ಪಯ್ಯ ಕುಂಟೆ ಹಿಂದಕ್ಕೆ ಎಳೆಯೋರು ಹಾಗೇ ನಿಂತು, ನನಗಿಂತ ಬಗ್ಗಿ ನೋಡಿದ್ರು. ಅದು ಹಾರಿಹೋದ್ಮೇಲೆ ಪುಸ್ತಕ ತೆಗೆದು ಬರೆದೆ: ಪಂಚೆ, 3. ಒಲೆ ಗೋಡೆ, 1. "ನಾಕು ಅಂತ ಬರಿ," ಅಂದ್ರು ಅಪ್ಪಯ್ಯ, ಕೂಡಿಸಬಾರದು ಅಂತ ಅವರಿಗೆ ಇನ್ನೊಂದ್ಸಲ ಮೊದಲಿಂದ ಹೇಳೋಕೆ ಕೂತೆ.